ಅವಳಿ ಮರಿಯ ಗುಟ್ಟು ಟಗರಿನ ಮೈಮೇಲೆ ಕಾಣಲ್ಲ

2017ರ ದೀಪಾವಳಿ ಆಸುಪಾಸಿನಲ್ಲಿ ನಮ್ಮ ರೊಪ್ಪದಲ್ಲಿ 22 ಕುರಿಗಳು ಮೊದಲ ಸಲ ಈದವು. ಅಷ್ಟಕ್ಕೂ ಒಂದೊಂದೇ ಮರಿ. ಆ 22 ಕುರಿಗಳ ಅಪ್ಪನನ್ನು ನಾನು ಅದಕ್ಕೂ ಎರಡೂವರೆ ವರ್ಷ ಮುಂಚೆ ಸಂತೆಯಲ್ಲಿ ‘ಅವಳಿ ತಳಿ ಟಗರು’ ಅಂತ ದುಪ್ಪಟ್ಟು ದುಡ್ಡು ಕೊಟ್ಟು ತಂದಿದ್ದೆ. ಮಾರಿದವರು ಅದರ ಜೊತೆ ಹುಟ್ಟಿದ ಇನ್ನೊಂದನ್ನೂ ತೋರಿಸಿದ್ದರು. ನಂಬಿಬಿಟ್ಟೆ. ಕೊನೆಯ ಕುರಿ ಈದ ದಿನ ಬೇಲಿ ಹಿಡಿದು ನಿಂತಾಗ ಆದ ಸಂಕಟ ಇನ್ನೂ ಮರೆತಿಲ್ಲ. ದುಡ್ಡು ಹೋದರೆ ದುಡಿಯಬಹುದು. ಹೋದ ಕಾಲ ಎಲ್ಲಿಂದ ತರೋದು?

ನಮ್ಮದು ಹಿರಿಯೂರು ಕಡೆ. ಬಳ್ಳಾರಿ ಕುರಿಗಳ ಹಿಂಡು, ಸುಮಾರು 60 ತಾಯಿ ಕುರಿ. ಅವಳಿ ಬೇಕು ಅನ್ನೋ ಆಸೆ ಅಪ್ಪನ ಕಾಲದಿಂದಲೂ ಇತ್ತು. ಅವಳಿ ಹುಟ್ಟಿದ ಹೆಣ್ಣು ಮರಿ ಕಂಡರೆ ಅಪ್ಪ ಮಾರುತ್ತಿರಲಿಲ್ಲ, ಹಿಂಡಿಗೇ ಇಟ್ಟುಕೊಳ್ಳುತ್ತಿದ್ದರು. ಇಪ್ಪತ್ತು ವರ್ಷ ಹಾಗೆ ಮಾಡಿದರೂ ಅವಳಿ ಜಾಸ್ತಿ ಆಗಲಿಲ್ಲ. ಯಾಕೆ ಅಂತ ಆಮೇಲೆ ಗೊತ್ತಾಯಿತು. ಸಾಮಾನ್ಯ ಕುರಿಗಳಲ್ಲಿ ಒಂದು ಮರಿಯೋ ಎರಡೋ ಅನ್ನೋದನ್ನು ಎಷ್ಟೋ ಸಣ್ಣ ಸಣ್ಣ ಜೀನ್‌ಗಳು ಸೇರಿ ತೀರ್ಮಾನಿಸುತ್ತವೆ. ಅದರಲ್ಲಿ ವಂಶದಿಂದ ಬರುವ ಪಾಲು ಶೇಕಡಾ 10ರ ಆಸುಪಾಸು ಅಷ್ಟೇ. ಉಳಿದದ್ದೆಲ್ಲ ಮೇವು, ಮೈಕಟ್ಟು, ವಯಸ್ಸು, ಆ ವರ್ಷದ ಮಳೆ. ಅಪ್ಪನ ಆಯ್ಕೆ ತಪ್ಪಲ್ಲ, ಆದರೆ ಆ ದಾರಿಯಲ್ಲಿ ಹೋದರೆ ಒಂದು ಆಯಸ್ಸು ಸಾಲದು.

ಆದರೆ ಒಂದು ಜೀನ್ ಇದೆ, ಅದೊಂದೇ ಇದ್ದರೂ ಲೆಕ್ಕವೇ ಬೇರೆ. ಫೆಕ್‌ಬಿ ಅಂತಾರೆ. ಇದರ ಕತೆ ಹೇಳಲೇಬೇಕು. ಸುಂದರಬನದಲ್ಲಿ ಗಾರೋಲ್ ಅನ್ನೋ ಪುಟ್ಟ ಕುರಿ ಇದೆ. ಕೆಸರಲ್ಲಿ ಮೇಯುತ್ತದೆ, ನಮ್ಮ ಕುರಿಯ ಅರ್ಧದಷ್ಟೂ ತೂಗಲ್ಲ, ಆದರೆ ಎರಡು ಮೂರು ಮರಿ ಹಾಕೋದು ಅದಕ್ಕೆ ಮಾಮೂಲು. 1790ರ ದಶಕದಲ್ಲಿ ಕಲ್ಕತ್ತೆಯಿಂದ ಹಡಗಿನಲ್ಲಿ ಬಂಗಾಳದ ಕುರಿಗಳು ಆಸ್ಟ್ರೇಲಿಯಾಕ್ಕೆ ಹೋದವು. ಅಲ್ಲಿ ಬೂರೂಲ ಅನ್ನೋ ಫಾರ್ಮ್‌ನ ಮೆರಿನೊ ಕುರಿಗಳು ರಾಶಿ ರಾಶಿ ಮರಿ ಹಾಕೋದನ್ನು ಕಂಡು ವಿಜ್ಞಾನಿಗಳು ಬೆನ್ನು ಹತ್ತಿದರು. 2001ರಲ್ಲಿ ಮೂರು ತಂಡಗಳು ಬೇರೆ ಬೇರೆಯಾಗಿ ಹುಡುಕಿ ಒಂದೇ ಜಾಗಕ್ಕೆ ಬಂದವು: ಕುರಿಯ 6ನೇ ಕ್ರೋಮೋಸೋಮ್, ಬಿಎಂಪಿಆರ್1ಬಿ ಅನ್ನೋ ಜೀನ್, ಅದರಲ್ಲಿ ಡಿಎನ್‌ಎಯ ಒಂದೇ ಒಂದು ಅಕ್ಷರ ಬದಲು. ಎ ಇರಬೇಕಾದ ಕಡೆ ಜಿ. ಹೀಗೆ ಬದಲಾದ ರೂಪವೇ ಫೆಕ್‌ಬಿ. ಗಾರೋಲ್‌ನಲ್ಲೂ ಅದೇ ಅಕ್ಷರ. ನಮ್ಮ ದೇಶದ ಕುರಿಯ ರಕ್ತ ಅಷ್ಟು ದೂರ ಹೋಗಿ ಗೊತ್ತಾಗಬೇಕಾಯಿತು, ನೋಡಿ.

ಅದು ಮಾಡೋ ಕೆಲಸ ಇಷ್ಟು. ಕುರಿ ಬೆದೆಗೆ ಬರುವ ಹೊತ್ತಿಗೆ ಅಂಡಾಶಯದಲ್ಲಿ ತತ್ತಿ ಹೊತ್ತ ಹಲವು ಗುಳ್ಳೆಗಳು ಬೆಳೆಯಲು ಶುರು ಮಾಡುತ್ತವೆ. ಸಾಮಾನ್ಯವಾಗಿ ಒಂದು ಮುಂದೆ ಹೋಗುತ್ತದೆ, ಮಿಕ್ಕವು ಬಾಡುತ್ತವೆ. ಈ ಅಕ್ಷರ ಬದಲಾದರೆ ತಡೆ ಸಡಿಲ ಆಗುತ್ತದೆ. ಎರಡು ಮೂರು ಗುಳ್ಳೆಗಳು ಇನ್ನೂ ಸಣ್ಣದಿರುವಾಗಲೇ ಒಟ್ಟಿಗೆ ಬಲಿತು ತತ್ತಿ ಬಿಡುತ್ತವೆ. ಅಂದರೆ ಮರಿ ಎಷ್ಟು ಅನ್ನೋದು ತಾಯಿಯ ಹೊಟ್ಟೆಯಲ್ಲೇ ತೀರ್ಮಾನ. ಟಗರು ಹಾರಿದ ಕುರಿಗೆ ಆ ಸೂಲಿನಲ್ಲಿ ಟಗರಿನ ಜೀನ್‌ನಿಂದ ಏನೂ ಸಿಗಲ್ಲ. ಸಿಗೋದು ಅದರ ಹೆಣ್ಣು ಮರಿಗಳಿಗೆ, ಅದೂ ಅವು ಬೆಳೆದು ಈದಾಗ. ಟಗರಿನ ಕೊಂಬು, ಎದೆ, ಬೀಜ ಎಷ್ಟು ನೋಡಿದರೂ ಇದು ಕಾಣಲ್ಲ.

ಮಹಾರಾಷ್ಟ್ರದ ಫಲ್ಟಣ್‌ನಲ್ಲಿರುವ ನಿಂಬಕರ್ ಸಂಸ್ಥೆ ಗಾರೋಲ್‌ನ ಈ ಜೀನ್ ಅನ್ನು ಡೆಕ್ಕನಿ, ಬನ್ನೂರು ಕುರಿಗಳ ಜೊತೆ ಬೆರೆಸಿ ನಾರಿ ಸುವರ್ಣ ತಳಿ ಮಾಡಿದೆ. ನಮ್ಮ ಬನ್ನೂರೂ ಅದರಲ್ಲಿದೆ ಅಂತ ಕೇಳಿ ಖುಷಿ ಆಗಿತ್ತು. 2018ರ ಜೂನ್‌ನಲ್ಲಿ ಆ ತಳಿಯ ಒಂದು ಟಗರು ತಂದೆ. ಈ ಸಲ ಬಾಯಿ ಮಾತು ನಂಬಲಿಲ್ಲ. ರಕ್ತ ಪರೀಕ್ಷೆಯ ಕಾಗದ ಕೈಗೆ ಬಂದ ಮೇಲೇ ದುಡ್ಡು ಎಣಿಸಿದ್ದು. ಕಾಗದದಲ್ಲಿ ‘ಬಿಬಿ’ ಅಂತಿತ್ತು. ಪ್ರತಿ ಜೀನ್‌ಗೂ ಎರಡು ಪ್ರತಿ ಇರುತ್ತದೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಬಿಬಿ ಅಂದರೆ ಎರಡೂ ಅವಳಿ ಜೀನೇ. ಹಾಗಾಗಿ ಅದರ ಪ್ರತಿ ಮರಿಗೂ ಒಂದು ಪ್ರತಿ ಹೋಗಲೇಬೇಕು.

ಆ ವರ್ಷ ಎಲ್ಲ ಕುರಿಗೂ ಮತ್ತೆ ಒಂದೊಂದೇ ಮರಿ. ‘ಎಲ್ಲಪ್ಪಾ ಅವಳಿ?’ ಅಂತ ಕೇಳದವರಿಲ್ಲ. ಗೊತ್ತಿದ್ದೇ ಕಾದೆ. 18 ಹೆಣ್ಣು ಮರಿ ಉಳಿಸಿಕೊಂಡೆ. 2020ರ ಮುಂಗಾರಲ್ಲಿ ಅವು ಬೆದೆಗೆ ಬಂದವು. ಅವಕ್ಕೆ ಅಪ್ಪನ ಸಂಗ ಬೇಡ ಅಂತ ಬೇರೆ ಬಳ್ಳಾರಿ ಟಗರು ಬಿಟ್ಟೆ. ಐದು ತಿಂಗಳಿಗೆ ಈದವು: 10 ಒಂಟಿ, 8 ಅವಳಿ. 18 ಕುರಿಗೆ 26 ಮರಿ. ಮುಂದಿನ ಸೂಲಿಗೆ ಉಳಿದ 17 ಕುರಿಗೆ 28.

14ನೇ ನಂಬರಿನ ಕುರಿ ಈದ ರಾತ್ರಿ ಹೇಳಬೇಕು. ಮೊದಲ ಮರಿಯನ್ನು ನೆಕ್ಕಿ ನಿಲ್ಲಿಸಿತು. ಕಾಲು ಗಂಟೆಗೆ ಎರಡನೆಯದು ಬಿತ್ತು, ಆದರೆ ತಿರುಗಿ ನೋಡಲಿಲ್ಲ. ಮರಿ ಒದ್ದೆ ಮೈಯಲ್ಲೇ ನಡುಗುತ್ತಿತ್ತು. ಮೂಗಿನ ಲೋಳೆ ಬೆರಳಲ್ಲಿ ತೆಗೆದು, ಗೋಣಿ ತಾಟಿನಿಂದ ಮೈ ಉಜ್ಜಿದೆ. ಆ ಲೋಳೆಯನ್ನೇ ತಾಯಿಯ ಮೂಗಿಗೆ ಸವರಿದೆ. ಮೊಣಕಾಲಲ್ಲಿ ಕುರಿಯನ್ನು ಗೋಡೆಗೆ ಒತ್ತಿ ಹಿಡಿದು, ಕೆಚ್ಚಲಿನ ತುದಿಯ ಮೇಣ ಕಿತ್ತು, ಮರಿಯ ಬಾಯಿಗೆ ಗಿಣ್ಣು ಹಿಂಡಿದೆ. ಮೊದಲು ಚೀಪಲಿಲ್ಲ. ಆಮೇಲೆ ಬಾಲ ಅಲ್ಲಾಡಿತು. ಬಾಲ ಅಲ್ಲಾಡಿದರೆ ಹಾಲು ಒಳಗೆ ಹೋಗುತ್ತಿದೆ ಅಂತ. ಮೂರು ದಿನ ತಾಯಿ, ಎರಡೂ ಮರಿಗಳನ್ನು ಒಂದೇ ಸಣ್ಣ ಗೂಡಲ್ಲಿ ಕೂಡಿದೆ. ನಾಲ್ಕನೇ ದಿನ ತಾನೇ ಎರಡನ್ನೂ ಕರೆದು ಕುಡಿಸಿತು.

ಅವಳಿ ಬಂದ ಮೇಲೆ ಮೇವಿನ ಲೆಕ್ಕ ಬದಲಾಗಲೇಬೇಕು. ಮರಿ ಹೊಟ್ಟೆಯಲ್ಲಿ ಬೆಳೆಯೋದು ಹೆಚ್ಚಾಗಿ ಕೊನೆಯ ಒಂದೂವರೆ ತಿಂಗಳಲ್ಲಿ. ಆಗ ಕುರಿಗೆ ದಿನಕ್ಕೆ ಕಾಲು ಕೆಜಿ ಮೆಕ್ಕೆಜೋಳದ ನುಚ್ಚು, ಶೇಂಗಾ ಹಿಂಡಿ ಬೆರೆಸಿ ಹಾಕುತ್ತೇನೆ. ಸುಮ್ನೆ ಬಯಲಲ್ಲಿ ಮೇಯಲು ಬಿಟ್ಟರೆ ಎರಡು ಮರಿ ಹೊತ್ತ ಕುರಿ ತನ್ನ ಕೊಬ್ಬನ್ನೇ ಕರಗಿಸಿಕೊಂಡು ನೆಲ ಹಿಡಿಯುತ್ತದೆ. ಒಂದನ್ನು ಹಾಗೆ ಕಳೆದುಕೊಂಡಿದ್ದೇನೆ.

ನನ್ನ ದೊಡ್ಡ ತಪ್ಪು 2021ರದ್ದು. ಬೇರೆ ಟಗರಿಗೆ ಕಾಲು ಬೇನೆ ಬಂತು. ಈ ಒಂದು ಸಲ ಅಂತ ಬಿಬಿ ಟಗರನ್ನೇ ಅದರ ಮಗಳಂದಿರ ಜೊತೆ ಬಿಟ್ಟೆ. ಅಪ್ಪ-ಮಗಳ ಕೂಡಿಕೆ ತಪ್ಪು ಅಂತ ಗೊತ್ತಿದ್ದೂ ಮಾಡಿದೆ. ಹುಟ್ಟಿದ ಮರಿಗಳಲ್ಲಿ ಅರ್ಧದಷ್ಟಕ್ಕೆ ಎರಡೆರಡು ಪ್ರತಿ ಹೋಗಿರುತ್ತದೆ, ಅದು ಆಗ ಹೊಳೆಯಲಿಲ್ಲ. ಎರಡು ವರ್ಷಕ್ಕೆ ಆ ಹೆಣ್ಣುಗಳು ಈದಾಗ ಮೂರು ಕುರಿಗೆ ತಲಾ ಮೂರು ಮರಿ. ಒಂದೊಂದು ಒಂದೂವರೆ ಕೆಜಿ ಕೂಡ ಇಲ್ಲ. ಕೆಚ್ಚಲಿಗೆ ಮೊಲೆ ಎರಡೇ ಅಲ್ವಾ? 9 ಮರಿಯಲ್ಲಿ ನಾಲ್ಕು ಮರಿ ಒಂದು ವಾರದೊಳಗೆ ಸತ್ತವು. ಮಿಕ್ಕವನ್ನು ಬಾಟಲಿ ಹಾಲು ಕುಡಿಸಿ ಉಳಿಸಿದ್ದು ನನ್ನ ಹೆಂಡತಿ. ಬಯಲಲ್ಲಿ ಮೇಯುವ ನಮ್ಮಂಥ ಹಿಂಡಿಗೆ ತಾಯಿಯಲ್ಲಿ ಒಂದು ಪ್ರತಿ ಸಾಕು.

ಈಗ ಜೀನ್ ಇಲ್ಲದ ದೊಡ್ಡ ಮೈಯ ಬಳ್ಳಾರಿ ಟಗರನ್ನು ಒಂದು ಪ್ರತಿ ಇರುವ ಕುರಿಗಳಿಗೆ ಬಿಡುತ್ತೇನೆ. ಮರಿಗಳಲ್ಲಿ ಅರ್ಧಕ್ಕೆ ಜೀನ್ ಬರುತ್ತದೆ, ಅರ್ಧಕ್ಕೆ ಇಲ್ಲ. ಯಾವುದಕ್ಕೆ ಬಂತು ಅಂತ ತಿಳಿಯಲು ಕುತ್ತಿಗೆಯ ನರದಿಂದ ಎರಡು ಎಂಎಲ್ ರಕ್ತ ತೆಗೆಸಿ, ನೇರಳೆ ಮುಚ್ಚಳದ ಟ್ಯೂಬಿನಲ್ಲಿ, ಐಸ್ ಡಬ್ಬಿಯಲ್ಲಿ ಲ್ಯಾಬಿಗೆ ಕಳಿಸುತ್ತೇನೆ. ಅಲ್ಲಿ ಒಂದು ಕಿಣ್ವ ಹಾಕುತ್ತಾರೆ. ಅಕ್ಷರ ಬದಲಾಗಿದ್ದರೆ ಮಾತ್ರ ಅದು ಡಿಎನ್‌ಎ ತುಂಡನ್ನು ಕತ್ತರಿಸುತ್ತದೆ. ಆಮೇಲೆ ಆ ತುಂಡುಗಳನ್ನು ಜೆಲ್‌ನಲ್ಲಿ ಹರಿಸಿ ಫೋಟೋ ತೆಗೆದರೆ ಗೆರೆಗಳಾಗಿ ಕಾಣುತ್ತವೆ: ಕತ್ತರಿಸದೆ ಉಳಿದ ಗೆರೆ ಮೇಲೆ, ಕತ್ತರಿಸಿದ್ದು ಸ್ವಲ್ಪ ಕೆಳಗೆ. ಎರಡೂ ಗೆರೆ ಇದ್ದರೆ ಒಂದು ಪ್ರತಿ. ಮೊದಲ ಸಲ ಆ ಫೋಟೋ ನೋಡಿದಾಗ, ಅಪ್ಪ ಇಪ್ಪತ್ತು ವರ್ಷ ಹುಡುಕಿದ್ದು ಇದೇ ಗೆರೆ ಅನ್ನಿಸಿತು.

ಹೋದ ವಾರ 11 ಹೆಣ್ಣು ಮರಿಗಳ ರಿಪೋರ್ಟ್ ಬಂತು. 6ರಲ್ಲಿ ಎರಡೂ ಗೆರೆ ಇವೆ. ಆ ಆರಕ್ಕೂ ಹಳದಿ ಕಿವಿಯೋಲೆ ಹಾಕಿದ್ದೇನೆ. ಅದರಲ್ಲಿ ಎರಡು 14ನೇ ನಂಬರಿನ ಮೊಮ್ಮಕ್ಕಳು.