ತೋಟದ ಮೋಟ್ರಿಗೆ ಎರಡು ನಿಮಿಷದ ಡಿಲೇ, 8051ರಲ್ಲೇ ಆಯ್ತು

ಮೂಡಿಗೆರೆ ಕಡೆ ನಮ್ಮ ತೋಟದಲ್ಲಿ ಈ ಸಲ ರೋಬಸ್ಟಾ ಕಾಫಿಗೆ ಹೂವಿನ ನೀರು ಪೂರ್ತಿ ನಾನೇ 8051 ಅನ್ನೋ ಹಳೇ ಮೈಕ್ರೋಕಂಟ್ರೋಲರ್ ಚಿಪ್ ಹಾಕಿ ಮಾಡಿದ ಮೋಟ್ರು ಸ್ಟಾರ್ಟ್ ಮಾಡೋ ಬೋರ್ಡಲ್ಲೇ ಹೊಡ್ದಿದ್ದು. 8051 ಕಾಲ ಮುಗೀತು ಮಾರಾಯ, ಅದ್ರಲ್ಲಿ ನಾಲ್ಕು ಡಿಲೇ ಒಟ್ಟಿಗೆ ನಡೆಯಲ್ಲ ಅಂದಿದ್ದ ಹಾಸನದ ಫ್ರೆಂಡ್‌ಗೇ ಈಗ ಎರಡು ಬೋರ್ಡ್ ಬೇಕಂತೆ.

ತ್ರೀ ಫೇಸ್ ಬಂದ ತಕ್ಷಣ ಸುತ್ತಮುತ್ತಲಿನ ಆಟೋ ಸ್ಟಾರ್ಟರ್ ಎಲ್ಲಾ ಒಂದೇ ಸಲ ಎತ್ಕೊಂಡು ವೋಲ್ಟೇಜ್ ಬಿದ್ದೋಗುತ್ತೆ, ಅದಕ್ಕೆ ನಮ್ದು ಎರಡು ನಿಮಿಷ ಕಾಯ್ಬೇಕು, ಆಮೇಲೆ ಸ್ಟಾರ್‌ನಲ್ಲಿ (ಕಮ್ಮಿ ವೋಲ್ಟೇಜಲ್ಲಿ ಮೋಟ್ರು ಎತ್ತೋ ಕನೆಕ್ಷನ್) ಎಂಟತ್ತು ಸೆಕೆಂಡು, ಸಣ್ಣ ಗ್ಯಾಪು, ಡೆಲ್ಟಾ (ಪೂರ್ತಿ ವೋಲ್ಟೇಜಿನ ಕನೆಕ್ಷನ್), ಮುಕ್ಕಾಲು ನಿಮಿಷದಲ್ಲಿ ಪೈಪಿಗೆ ಪ್ರೆಶರ್ ಬರ್ಲಿಲ್ಲ ಅಂದ್ರೆ ಆಫ್.

ಎಲ್ಲರ ಹಾಗೆ ಮೊದ್ಲು ಸುಮ್ನೆ ಎಣಿಸ್ತಾ ಟೈಮ್ ಕಳೆಯೋ ಫಾರ್ ಲೂಪೇ ಹಾಕಿದ್ದು. ಕೋಡನ್ನ ಚಿಪ್ ಭಾಷೆಗೆ ತಿರುಗಿಸೋ ಕಂಪೈಲರ್‌ನ ಆಪ್ಟಿಮೈಸೇಶನ್ ಲೆವೆಲ್ ಬದಲಾದ್ರೆ ಟೈಮೂ ಬದಲಾಗುತ್ತೆ, ಅದನ್ನಾದ್ರೂ ಸಹಿಸ್ಕೋಬಹುದು, ಆದ್ರೆ ಲೂಪಲ್ಲಿ ಸುತ್ತುತಾ ಇರೋ ಚಿಪ್‌ಗೆ ಸ್ಟಾಪ್ ಬಟನ್ ಒತ್ತಿದ್ದೇ ಗೊತ್ತಾಗಲ್ಲ, ಮಧ್ಯ ಒಂದು ಫೇಸ್ ಹೋದ್ರೂ ಅಷ್ಟೇ. ಹಂಗೇ ಒಂದ್ಸಲ ಮೋಟ್ರು ಸುಟ್ಟು ರಿವೈಂಡಿಂಗ್‌ಗೆ ಏಳೆಂಟು ಸಾವಿರ ಹೋಯ್ತು. 8051 ಜಾತಿಯದೇ ಆದ 89ಎಸ್52 ಚಿಪ್‌ನ ವಾಚ್‌ಡಾಗ್ (ಪ್ರೋಗ್ರಾಮ್ ಆಗಾಗ ಸುದ್ದಿ ಕೊಡ್ದಿದ್ರೆ ಚಿಪ್ಪನ್ನ ರೀಸೆಟ್ ಮಾಡೋ ಟೈಮರ್) ಆನ್ ಮಾಡಿದ್ರಂತೂ ಇನ್ನೂ ಮಜಾ, 11.0592 ಮೆಗಾಹರ್ಟ್ಸ್ ಕ್ರಿಸ್ಟಲ್‌ಗೆ (ಚಿಪ್‌ನ ಗಡಿಯಾರ) ಹತ್ರತ್ರ 18 ಮಿಲಿಸೆಕೆಂಡಿಗೇ ರೀಸೆಟ್ ಹೊಡೆಯುತ್ತೆ, ಎರಡು ನಿಮಿಷ ಎಲ್ಲಿ ಕಾಯ್ತೀರಾ?

ಈಗ ಇರೋದು ಚಿಪ್ ಒಳಗಿನ ಟೈಮರ್ 0, 16 ಬಿಟ್ ಮೋಡ್, ಲೋಡ್ ಮಾಡೋದು 19456 (ಅಲ್ಲಿಂದ 65536 ತನಕ ಎಣಿಸುತ್ತೆ), 50 ಮಿಲಿಸೆಕೆಂಡಿಗೊಂದು ಇಂಟರಪ್ಟ್, ಅಂದ್ರೆ ಮಾಡ್ತಿರೋ ಕೆಲಸ ನಿಲ್ಸಿ ಓಡೋ ಸಣ್ಣ ಕೋಡ್, ಅದೇ ಒಂದು ಟಿಕ್. ರೀಲೋಡಲ್ಲಿ ಒಂದಷ್ಟು ಮೈಕ್ರೋಸೆಕೆಂಡ್ ಹೋದ್ರೆ ಹೋಗ್ಲಿ, ನಾವೇನು ರಾಕೆಟ್ ಬಿಡ್ತಿಲ್ಲ. ಎರಡು ನಿಮಿಷಕ್ಕೆ 2400 ಟಿಕ್, ಒಂದು ಬೈಟಲ್ಲಿ (255ರ ತನಕ) ಹಿಡಿಯಲ್ಲ, ಎರಡು ಬೈಟ್ ಇಟ್ರೆ ಮೇನ್ ಪ್ರೋಗ್ರಾಮ್ ಅರ್ಧ ಓದೋಷ್ಟರಲ್ಲಿ ಇಂಟರಪ್ಟ್ ಬಂದು ಇನ್ನರ್ಧ ಬದಲಾಯಿಸಿಬಿಡುತ್ತೆ. ಅದಕ್ಕೆ 20 ಟಿಕ್ ಒಂದು ಸೆಕೆಂಡ್ ಮಾಡ್ಕೊಂಡು 120ರಿಂದ ಇಳಿಸ್ತೀನಿ. ಪ್ರತಿ ಕೆಲಸಕ್ಕೂ ಬೇರೆ ಬೇರೆ ಕೌಂಟರ್, ಮೇನ್ ಎಲ್ಲೂ ನಿಲ್ಲಲ್ಲ, ವಾಚ್‌ಡಾಗ್‌ಗೂ ಅಲ್ಲೇ ಊಟ. ಸ್ಟಾರ್ ಡೆಲ್ಟಾ ಗ್ಯಾಪ್ ಎಷ್ಟು ಟಿಕ್ ಇಟ್ಟಿದೀನಿ ಅಂತ ಮಾತ್ರ ಕೇಳ್ಬೇಡಿ, ಅದು ನಮ್ಮ ಕಾಂಟ್ಯಾಕ್ಟರ್ (ಮೋಟ್ರಿಗೆ ಕರೆಂಟ್ ಕೊಡೋ ದೊಡ್ಡ ಸ್ವಿಚ್) ಜೊತೆ ಗುದ್ದಾಡಿ ಕೂರಿಸಿರೋದು.

ನಡುವೆ ಕ್ರಿಸ್ಟಲ್ ಯಾಕೆ ಬೇಕು, ಕರೆಂಟಿನ 50 ಹರ್ಟ್ಸ್ ಇದ್ಯಲ್ಲ ಅಂತ ಜೀರೋ ಕ್ರಾಸಿಂಗಲ್ಲಿ (ವೋಲ್ಟೇಜ್ ಸೊನ್ನೆ ದಾಟೋ ಕ್ಷಣ) ಸೆಕೆಂಡಿಗೆ 100 ಟಿಕ್ ತಗೊಂಡು ನೋಡ್ದೆ. ಲೈನಲ್ಲಿ ಚೆನ್ನಾಗೇ ಓಡ್ತು, ಜನರೇಟರ್‌ಗೆ ಹಾಕಿದ ತಕ್ಷಣ ಸೆಕೆಂಡು ಗಿಡ್ಡ ಆಯ್ತು. ಬಿಟ್ಟೆ.

ಖರ್ಚು ರಿಲೇ, ಟ್ರಾನ್ಸ್‌ಫಾರ್ಮರ್ ಸೇರಿ ಸಾವಿರದೊಳಗೆ, ಸಾಮಾನೆಲ್ಲ ಬೆಂಗಳೂರು ಎಸ್‌ಪಿ ರೋಡಿಂದು. ರೆಡಿಮೇಡ್‌ಗೆ ನಾಲ್ಕೈದು ಸಾವಿರ ಹೇಳಿದ್ರು. ಕಾಂಟ್ಯಾಕ್ಟರ್ ಕಾಯಿಲ್‌ಗೆ 100 ಓಮ್, 0.1 ಮೈಕ್ರೋಫ್ಯಾರಡ್ ಸ್ನಬರ್ (ವೋಲ್ಟೇಜ್ ಸ್ಪೈಕ್ ತಡೆಯೋ ಜೋಡಿ) ಹಾಕೋದು ಮರೀಬೇಡಿ, ಇಲ್ಲಾಂದ್ರೆ ಕಾಂಟ್ಯಾಕ್ಟರ್ ಬಿಟ್ಟಾಗೆಲ್ಲ ಚಿಪ್ ರೀಸೆಟ್ ಆಗಿ ಎರಡು ನಿಮಿಷ ಮತ್ತೆ ಮೊದಲಿಂದ ಶುರು. ಪಕ್ಕದ ತೋಟದವ್ರಿಗೂ ಒಂದು ಕೂರಿಸಿದೀನಿ, ಅವರದ್ದು ಮೂರು ನಿಮಿಷ, ನಮ್ಮ ಮೋಟ್ರು ಎದ್ದಾದ್ಮೇಲೇ ಅವರದ್ದು.