ಮಿಲಿವೋಲ್ಟ್ ಸಮೇತ ಹೊರಗಿಟ್ಟೆ: ನನ್ನ ಅನುಭವ

"ಕಚ್ಚಾ ಡೇಟಾ ಹೊರಗಿಟ್ಟರೆ ಯಾರಾದರೂ ಎತ್ತಿಕೊಂಡು ಹೋಗ್ತಾರೆ ಕಣೋ" ಅಂತ ಲ್ಯಾಬಿನಲ್ಲಿ ಎಲ್ಲರೂ ಹೆದರಿಸಿದರು. ಪಾವಗಡ ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡ್ ನನ್ನ ಕೆಲಸ. ಮೊದಲ ವರ್ಷ ಬರೀ ಕೊನೆಯ ಕೋಷ್ಟಕವನ್ನು ಝೆನೋಡೋ ಅನ್ನೋ ಉಚಿತ ಆನ್‌ಲೈನ್ ಡೇಟಾ ಭಂಡಾರಕ್ಕೆ ಹಾಕಿದೆ. ಡಿಒಐ, ಅಂದರೆ ಉಲ್ಲೇಖಿಸೋಕೆ ಒಂದು ಶಾಶ್ವತ ಗುರುತು ಸಿಕ್ಕಿತು, ಅಷ್ಟೇ. ಡೌನ್‌ಲೋಡ್ ಮಾಡಿದವರು ಬೆರಳೆಣಿಕೆ, ಅದರಲ್ಲೂ ಅರ್ಧ ನಮ್ಮವರೇ ಇರಬೇಕು.

ಸಂಶೋಧನೆಯ ಫಲ ಎಲ್ಲರ ಸೊತ್ತು, ಒಪ್ಪುವ ಮೊದಲು ಅದನ್ನು ಅನುಮಾನಿಸಿ ನೋಡಬೇಕು ಅಂತ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1942ರಲ್ಲೇ ಬರೆದಿದ್ದರು. ಸಂಶೋಧನೆಯನ್ನು ಎಲ್ಲರಿಗೂ ತೆರೆದಿಡಬೇಕು ಅನ್ನೋ ಓಪನ್ ಸೈನ್ಸ್ ಭಾಷಣಗಳಲ್ಲಿ ಮೊದಲನೆಯ ಮಾತೇ ಜಾಸ್ತಿ. ನನಗೆ ಎರಡನೆಯದು ಮುಖ್ಯ. ಲೀಟರಿಗೆ 2.3 ಮಿಲಿಗ್ರಾಂ ಅಂತ ಬರೆದಿಟ್ಟರೆ ಓದುವವನು ನಂಬಬೇಕು, ಇಲ್ಲಾ ಬಿಡಬೇಕು. ಅನುಮಾನಿಸೋಕೆ ಅವನ ಕೈಯಲ್ಲಿ ಏನಿದೆ?

ಆಮೇಲೆ ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡ್ ತೋರಿಸಿದ ಮಿಲಿವೋಲ್ಟ್‌ಗಳನ್ನೇ ಹಾಕಿದೆ, ಮಿಲಿಗ್ರಾಂ ಲೆಕ್ಕ ಹುಟ್ಟೋದೇ ಅದರಿಂದ. ದಿನದಿನದ ಕ್ಯಾಲಿಬ್ರೇಷನ್, ಸ್ಲೋಪ್ (ಫ್ಲೋರೈಡ್ ಹತ್ತು ಪಟ್ಟಾದಾಗ ಬದಲಾಗುವ ಮಿಲಿವೋಲ್ಟ್) 58ರ ಹತ್ತಿರ ಬಂದ ಒಳ್ಳೆಯ ದಿನ, 50ಕ್ಕೆ ಕುಸಿದು ನಾವು ಎಸೆದ ಬ್ಯಾಚ್, ಅಳೆಯುವ ಮುನ್ನ ನೀರಿಗೆ ಟೈಸಾಬ್ ಅನ್ನೋ ದ್ರಾವಣ ಬೆರೆಸಿದ ಪ್ರಮಾಣ, ಲೆಕ್ಕದ ಕೋಡ್, ಎಲ್ಲಾ. ಜೋಡಿಸೋಕೆ ಹತ್ತಿರ ಹತ್ತಿರ ಮೂರು ತಿಂಗಳು ಹಿಡಿಯಿತು. ದುಡ್ಡು ಮಾತ್ರ ಹೋಗಲಿಲ್ಲ. ಒಂದು ಸಂಶೋಧನಾ ಪತ್ರಿಕೆ ಓಪನ್ ಆಕ್ಸೆಸ್‌ಗೆ, ಅಂದರೆ ಲೇಖನವನ್ನು ಎಲ್ಲರೂ ಪುಕ್ಕಟೆ ಓದುವಂತೆ ಇಡೋಕೆ, ಎರಡು ಲಕ್ಷ ರೂಪಾಯಿ ಆಸುಪಾಸು ಕೇಳಿತ್ತು. ಅಷ್ಟಕ್ಕೆ ಮೂರೋ ನಾಲ್ಕೋ ಹೊಸ ಎಲೆಕ್ಟ್ರೋಡ್ ಬರುತ್ತವೆ! ಪ್ರಿಪ್ರಿಂಟ್ (ಪತ್ರಿಕೆಯ ಪರಿಶೀಲನೆಗೆ ಮುಂಚಿನ ಪ್ರತಿ) ಆನ್‌ಲೈನ್‌ಗೆ ಹಾಕಿ, ಶುಲ್ಕ ಇಲ್ಲದ ಪತ್ರಿಕೆಗೆ ಕಳಿಸಿದೆ.

ಅಲ್ಲಿ ಲೇಖನ ಪರಿಶೀಲಿಸುವ ಒಬ್ಬ ರಿವ್ಯೂವರ್ ಬೇಸಿಗೆಯ ಅಂಕಿಗಳು ಜಾಸ್ತಿಯಾದವು ಅಂತ ತಗಾದೆ ತೆಗೆದರು. ನಾನು ವಾದಕ್ಕಿಳಿಯದೆ ಲಿಂಕ್ ಕಳಿಸಿದೆ. ಅವರೇ ಮಿಲಿವೋಲ್ಟ್‌ನಿಂದ ಮತ್ತೆ ಲೆಕ್ಕ ಹಾಕಿ, ಎರಡನೇ ಸುತ್ತಿನಲ್ಲಿ ಆ ಪ್ರಶ್ನೆ ಕೈಬಿಟ್ಟರು. ಹೆದರಿಸಿದವರೆಲ್ಲ ಈಗ ನನ್ನ ಫೋಲ್ಡರ್ ರಚನೆ ಕೇಳುತ್ತಿದ್ದಾರೆ. ಕದ್ದವರಂತೂ ಇದುವರೆಗೆ ಯಾರೂ ಇಲ್ಲ. ಬೇರೆ ರಾಜ್ಯದ ಒಂದು ತಂಡ ಬಳಸಿಕೊಂಡಿತು, ನಮ್ಮ ಹೆಸರು ಹಾಕಿಯೇ.

ನಡುವೆ ಸುಮ್ನೆ ಇನ್ನೊಂದು ಮಾಡಿ ನೋಡಿದೆ. ಅದೇ ಅಂಕಿಗಳನ್ನು ಪಂಚಾಯ್ತಿ ಗೋಡೆಗೆ ಅಂಟಿಸಿದೆ. ಒಬ್ಬರೂ ತಿರುಗಿ ನೋಡಲಿಲ್ಲ. ಬೇರೆ ನೀರಿನ ಮೂಲ ಇಲ್ಲದಿದ್ದಾಗ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಒಪ್ಪುವ ಗರಿಷ್ಠ ಮಿತಿಯಾದ ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಬೋರ್‌ವೆಲ್‌ಗಳಿಗೆ ಕೆಂಪು ಬಳಿದಾಗ ಜನ ಜಗಳಕ್ಕೇ ಬಂದರು. ಯಾವಾಗ ಅಳೆದಿರಿ, ಯಾರನ್ನು ಕೇಳಿ ಅಳೆದಿರಿ ಅಂತ. ರಿವ್ಯೂವರ್‌ಗಿಂತ ಗಟ್ಟಿ ಪ್ರಶ್ನೆಗಳು, ಅಲ್ವಾ?

ಒಂದು ವಿಷಯ ಮಾತ್ರ ಫೈಲಿನಲ್ಲಿಲ್ಲ. ಮಂಕಾದ ಎಲೆಕ್ಟ್ರೋಡನ್ನು ನಾನು ಚುರುಕು ಮಾಡುವ ಬಗೆ. ಮಾತಿಗೆ ಸಿಗದ ಅರಿವಿನ ಬಗ್ಗೆ ವಿಜ್ಞಾನಿ, ಚಿಂತಕ ಮೈಕೆಲ್ ಪೊಲಾನ್ಯಿ ಹೇಳಿದ್ದು ಇಂಥದ್ದನ್ನೇ, ಪಕ್ಕದಲ್ಲಿ ನಿಂತೇ ಕಲಿಯಬೇಕು. ಸ್ವಲ್ಪ ಜಿಪುಣತನವೂ ಇದೆ ಅನ್ನಿ. ಬೇಕಾದವರು ಲ್ಯಾಬಿಗೆ ಬನ್ನಿ. ಸ್ಯಾಂಪಲ್ ತರುವುದಾದರೆ ಪ್ಲಾಸ್ಟಿಕ್ ಬಾಟಲಿಯಲ್ಲಿ ತನ್ನಿ, ಗಾಜಿನದು ಬೇಡ.