ಗಣಪತಿ ಊಟದ ಹೊತ್ತಿಗೆ ಸಿಪಿಆರ್

ನಾನು ಕಾರ್ಖಾನೆಯ ಸೇಫ್ಟಿ ವಿಭಾಗದಲ್ಲಿದ್ದೇನೆ. ಸಿಪಿಆರ್ ಅಂದರೆ ಹೃದಯ ನಿಂತವರ ಎದೆ ಒತ್ತಿ ರಕ್ತ ಹರಿಯುವಂತೆ ಮಾಡುವುದು. ಬೊಂಬೆಯ ಎದೆ ಒತ್ತಿ ಅದನ್ನು ಕಲಿಯುವುದು ನಮಗೆ ಮಾಮೂಲಿ. ಅದು ಕೆಲಸಕ್ಕೆ ಬಂದದ್ದು ಮಾತ್ರ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ವಸತಿ ಸೊಸೈಟಿಯಲ್ಲಿ, ಗಣಪತಿ ಊಟದ ದಿನ. ಕೆಳಮನೆಯ ಮಾಮ ಕುರ್ಚಿಯಲ್ಲೇ ಪಕ್ಕಕ್ಕೆ ವಾಲಿದರು. ಕೈಕಾಲು ಸ್ವಲ್ಪ ಅದುರಿತು.

"ಫಿಟ್ಸ್" ಎಂದು ಒಬ್ಬರು ಕೀಗೊಂಚಲು ತಂದರು. ಶುಗರ್ ಇಳಿದಿರಬೇಕು ಎಂದು ಇನ್ನೊಬ್ಬರು ಸಕ್ಕರೆ ಹಿಡಿದು ಬಂದರು. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬಾರದು, ಉಸಿರಿನ ದಾರಿ ಕಟ್ಟಿಕೊಳ್ಳುತ್ತದೆ. ಹೃದಯ ನಿಂತ ಕೂಡಲೇ ಕೆಲವರಿಗೆ ಹೀಗೆ ಅದುರುವುದುಂಟು. ಭುಜ ತಟ್ಟಿ "ಮಾಮ, ಮಾಮಾ" ಎಂದು ಜೋರಾಗಿ ಕರೆದೆ. ಮಾತಿಲ್ಲ. ಆಗೊಮ್ಮೆ ಈಗೊಮ್ಮೆ ಗೊರಕೆಯಂಥ ಸದ್ದು ಮಾತ್ರ. "ಉಸಿರಾಡ್ತಾ ಇದ್ದಾರಲ್ವಾ?" ಎಂದರು ಅತ್ತೆ. ಅದು ಉಸಿರಾಟವಲ್ಲ. ಹೃದಯ ನಿಂತ ಮೇಲೂ ಸ್ವಲ್ಪ ಹೊತ್ತು ಹಾಗೆ ಏದುವುದು ಇರುತ್ತದೆ. ನನ್ನ ಪ್ರಕಾರ ಜನ ಮೋಸಹೋಗುವ ಜಾಗ ಇದೇ. ಉಸಿರು ನೋಡಲು 10 ಸೆಕೆಂಡಿಗಿಂತ ಜಾಸ್ತಿ ಕಳೆಯಬಾರದು.

ಯಾರಾದರೂ ಫೋನ್ ಮಾಡಿ ಅಂದರೆ ಯಾರೂ ಮಾಡುವುದಿಲ್ಲ. ಬೆರಳು ತೋರಿಸಿಯೇ ಹೇಳಬೇಕು. "ನೀನು 108ಕ್ಕೆ ಮಾಡು, ಸ್ಪೀಕರ್ ಹಾಕು" ಎಂದು ಮರಾಠಿ ಚೆನ್ನಾಗಿ ಬರುವ ಹುಡುಗನಿಗೆ ಹೇಳಿದೆ. ಇನ್ನೊಬ್ಬನಿಗೆ, "ಗೇಟಿನ ಹತ್ತಿರದ ಬೈಕುಗಳನ್ನೆಲ್ಲ ತೆಗೆಸು."

ಮಾಮನನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿದೆವು. ಎದೆಯ ನಡುವಿನ ಮೂಳೆಯ ಕೆಳಗಿನ ಅರ್ಧದ ಮೇಲೆ ಅಂಗೈಯ ಬುಡ ಇಟ್ಟೆ, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಚದೆ, ಮೈಭಾರ ಹಾಕಿ ಒತ್ತಬೇಕು. ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ಒತ್ತಿದ ಮೇಲೆ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಆಗಲೇ ಹೃದಯಕ್ಕೆ ರಕ್ತ ತುಂಬುವುದು. ಇಪ್ಪತ್ತೊಂದು, ಇಪ್ಪತ್ತೆರಡು ಎಂದು ಎಣಿಸಹೊರಟರೆ ವೇಗ ಕುಸಿಯುತ್ತದೆ. ನಾನು ಒಂದರಿಂದ ಹತ್ತು ಎಣಿಸಿ, ಮತ್ತೆ ಒಂದರಿಂದಲೇ ಶುರು ಮಾಡುತ್ತೇನೆ.

ಶುರುವಿನಲ್ಲೇ ಪಕ್ಕೆಲುಬು ಲಟಕ್ ಎಂದಿತು. ಅತ್ತೆ ಕೂಗಿಕೊಂಡರು. ಕೈ ನಿಲ್ಲಿಸಲಿಲ್ಲ. ಮುರಿದ ಎಲುಬು ಕೂಡುತ್ತದೆ.

ಬಾಯಿಗೆ ಉಸಿರು ಕೊಡಲಿಲ್ಲ. ದೊಡ್ಡವರು ದಿಢೀರನೆ ಬಿದ್ದಾಗ ಬರೀ ಎದೆ ಒತ್ತಿದರೂ ನಡೆಯುತ್ತದೆ. ಮಕ್ಕಳಿಗೆ, ನೀರಿನಲ್ಲಿ ಮುಳುಗಿದವರಿಗೆ ಮಾತ್ರ ಉಸಿರೂ ಬೇಕು: ಕಲಿತವರಾದರೆ 30 ಒತ್ತು, 2 ಉಸಿರು.

ಎರಡು ನಿಮಿಷಕ್ಕೆ ತೋಳು ಸೋಲುತ್ತದೆ, ಒತ್ತುವ ಆಳ ಕಮ್ಮಿಯಾಗುತ್ತದೆ, ಅದು ನಮಗೇ ಗೊತ್ತಾಗುವುದಿಲ್ಲ. ಹಾಗಾಗಿ ಜಿಮ್ಮಿಗೆ ಹೋಗುವ ಹುಡುಗನನ್ನು ಎದುರು ಕೂರಿಸಿಕೊಂಡು, ಒತ್ತುತ್ತಲೇ ತೋರಿಸಿದೆ. ಆಮೇಲೆ ಸರದಿಯ ಮೇಲೆ ಒತ್ತಿದೆವು. ಆಂಬುಲೆನ್ಸಿನವರು ಬಂದು ಎದೆಗೆ ಪ್ಯಾಡ್ ಅಂಟಿಸಿ ಶಾಕ್ ಕೊಡುವವರೆಗೂ ಬಿಡಲಿಲ್ಲ.

ಮಾಮ ಉಳಿದರು. ಎಲ್ಲರ ವಿಷಯದಲ್ಲೂ ಹೀಗಾಗುವುದಿಲ್ಲ. ಈಗ ಸೊಸೈಟಿಯಲ್ಲಿ ತರಬೇತಿ ಇಡೋಣ ಎನ್ನುತ್ತಿದ್ದಾರೆ. ಮೊದಲು ವಾಚ್‌ಮನ್‌ಗಳಿಗೆ ಕಲಿಸಿ ಎಂದಿದ್ದೇನೆ. ಹಗಲು ಹೊತ್ತು ಬಿಲ್ಡಿಂಗಿನಲ್ಲಿ ಗಟ್ಟಿ ತೋಳಿನವರೆಂದು ಇರುವುದೇ ಅವರು. ಉಳಿದವರು ಲೋಕಲ್ ರೈಲು ಹತ್ತಿ ಮುಂಬೈಗೆ ಹೋಗಿರುತ್ತಾರೆ.